ಜೋಮು ಪಾದದಿಂದಲೇ ಏಕೆ?

ವಯಸ್ಸು ಅರವತ್ತು ದಾಟಿದ ಅನೇಕರ ಪಾದಗಳಿಗೆ ಒಂದು ಬಗೆಯ ಮರೆವು ಹಿಡಿಯುತ್ತದೆ. ಕಾಲಿನಿಂದ ಚಪ್ಪಲಿ ಜಾರಿ ಹಿಂದೆ ಉಳಿದದ್ದು ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆಯೇ ತಿಳಿಯುತ್ತದೆ. ಬರಿಗಾಲಿನಲ್ಲಿ ನಿಂತಿದ್ದರೂ ನೆಲಕ್ಕೂ ಅಂಗಾಲಿಗೂ ನಡುವೆ ತೆಳು ಬಟ್ಟೆಯೊಂದನ್ನು ಹಾಸಿದಂತೆ ಭಾಸವಾಗುತ್ತದೆ. ರಾತ್ರಿ ಮಲಗಿದಾಗ ಬೆರಳುಗಳ ತುದಿಯಲ್ಲಿ ಇರುವೆ ಹರಿದಾಡಿದಂತೆ ಜುಮುಜುಮು ಎನ್ನುತ್ತದೆ. ರಕ್ತದ ಓಡಾಟ ಕಡಿಮೆಯಾಗಿದೆ ಎಂದು ಎಣ್ಣೆ ತಿಕ್ಕುವುದು, ಬಿಸಿನೀರಿನಲ್ಲಿ ಕಾಲಿಡುವುದು ಎಲ್ಲ ಮನೆಗಳಲ್ಲಿಯೂ ನಡೆಯುವ ಉಪಚಾರ. ಸ್ಪರ್ಶ ಮಂದವಾದ ಕಾಲಿಗೆ ನೀರು ಸುಡುವಷ್ಟು ಬಿಸಿಯಾಗಿರುವುದೂ ತಿಳಿಯದೆ ಬೊಬ್ಬೆ ಏಳುವುದುಂಟು.

ಈ ಜೋಮು ಅಡ್ಡಾದಿಡ್ಡಿಯಾಗಿ ಬರುವುದಿಲ್ಲ. ಅದು ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ ಒಟ್ಟಿಗೆ, ಬೆರಳ ತುದಿಯಿಂದ ತೊಡಗಿ, ಕಾಲುಚೀಲ ಎಳೆದುಕೊಂಡಂತೆ ಮೆಲ್ಲಗೆ ಮೇಲೇರುತ್ತದೆ. ಮೊಣಕಾಲಿನ ಆಸುಪಾಸಿಗೆ ತಲುಪುವ ಹೊತ್ತಿಗೆ, ಯಾರೋ ಸಮಯ ಗೊತ್ತುಮಾಡಿಟ್ಟಂತೆ, ಕೈಬೆರಳುಗಳ ತುದಿಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಮುಪ್ಪು ಇಡೀ ಶರೀರಕ್ಕೆ ಒಮ್ಮೆಗೇ ಬರುವಂಥದು. ತಲೆಗೆ ಆದಷ್ಟೇ ವಯಸ್ಸು ಹೆಬ್ಬೆರಳಿಗೂ ಆಗಿರುತ್ತದೆ. ಹೀಗಿರುವಾಗ ಕೆನ್ನೆ, ಭುಜ, ಬೆನ್ನುಗಳ ಸ್ಪರ್ಶಜ್ಞಾನ ಬಹುಮಟ್ಟಿಗೆ ಉಳಿದು ಪಾದದ್ದು ಮಾತ್ರ ಏಕೆ ಮೊದಲು ಮಂಕಾಗಬೇಕು ಎಂಬುದು ಸಣ್ಣ ಪ್ರಶ್ನೆಯಂತೆ ಕಂಡರೂ, ಅದರ ಉತ್ತರವನ್ನು ಹುಡುಕುವಾಗ ನರಕೋಶದ ರಚನೆ, ಆಮ್ಲಜನಕದ ಇಬ್ಬಗೆಯ ಸ್ವಭಾವ ಮತ್ತು ಕೆಲವು ಮಂಗಗಳ ನರಗಳು ನೀಡಿದ ಸಾಕ್ಷ್ಯ ಒಂದೇ ಕಡೆ ಬಂದು ಕೂಡುತ್ತವೆ.

ಸೊಂಟದಲ್ಲಿ ಮನೆ, ಬೆರಳಲ್ಲಿ ಬಾಗಿಲು

ಕಾಲಿನ ಹೆಬ್ಬೆರಳನ್ನು ಏನೋ ಸೋಕಿತೆಂಬ ಸುದ್ದಿಯನ್ನು ಹೊರುವ ನರಕೋಶದ ಒಡಲು ಇರುವುದು ಕಾಲಿನಲ್ಲಿ ಅಲ್ಲ. ಸೊಂಟದ ಹಿಂಬದಿಯಲ್ಲಿ, ಬೆನ್ನೆಲುಬಿನ ಮಣಿಗಳ ಸಂದಿಯಲ್ಲಿ ಅಡಗಿರುವ, ಹೆಚ್ಚುಕಡಿಮೆ ಅವರೆಕಾಳಿನ ಗಾತ್ರದ ನರಗಂಟಿನಲ್ಲಿ. ಆ ಒಡಲಿನಿಂದ ಹೊರಡುವ ಒಂದೇ ಎಳೆ ಸ್ವಲ್ಪ ದೂರದಲ್ಲಿ ಎರಡಾಗಿ ಕವಲೊಡೆದು, ಒಂದು ಕವಲು ತೊಡೆ, ಮೊಣಕಾಲು, ಮೀನಖಂಡಗಳನ್ನು ಹಾದು ಬೆರಳ ಚರ್ಮವನ್ನು ಮುಟ್ಟಿದರೆ, ಇನ್ನೊಂದು ಬೆನ್ನುಹುರಿಯ ಹಿಂಭಾಗದಲ್ಲಿ ಮೇಲೇರಿ ಮೆದುಳಿನ ಬುಡವನ್ನು ಸೇರುತ್ತದೆ. ಆಕ್ಸಾನ್ ಎಂದು ಕರೆಯಲಾಗುವ ಈ ಎಳೆಯ ಎರಡೂ ಕವಲುಗಳನ್ನು ಕೂಡಿಸಿದರೆ ವಯಸ್ಕರಲ್ಲಿ ಸುಮಾರು ಒಂದೂವರೆ ಮೀಟರ್ ಆಗುತ್ತದೆ. ಮನುಷ್ಯ ಶರೀರದಲ್ಲಿ ಇದಕ್ಕಿಂತ ಉದ್ದವಾದ ಕೋಶ ಇನ್ನೊಂದಿಲ್ಲ.

ಈ ಅಳತೆಯ ವಿಪರೀತ ಮನಸ್ಸಿಗೆ ಇಳಿಯಬೇಕಾದರೆ ಕೋಶವನ್ನು ಹಿಗ್ಗಿಸಿ ನೋಡಬೇಕು. ಒಡಲಿನ ಅಗಲ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು ಎಂದಿಟ್ಟುಕೊಂಡು ಅದನ್ನು ಹತ್ತು ಮೀಟರ್ ಅಗಲದ ಮನೆಯಷ್ಟು ದೊಡ್ಡದು ಮಾಡಿದರೆ, ಕಾಲಿಗೆ ಇಳಿಯುವ ಒಂದು ಮೀಟರ್ ಉದ್ದದ ಎಳೆ 200 ಕಿಲೋಮೀಟರ್ ಆಗುತ್ತದೆ, ಅಂದರೆ ಬೆಂಗಳೂರಿನ ಒಂದು ಮನೆಯಿಂದ ಚಿತ್ರದುರ್ಗದವರೆಗೆ ಸಾಗುವ ದಾರಿ. ಆ ದಾರಿಯ ಅಗಲವಾದರೋ ಒಂದು ಎತ್ತಿನ ಗಾಡಿ ಹಿಡಿಯುವಷ್ಟು ಮಾತ್ರ. ದಾರಿಯುದ್ದಕ್ಕೂ ಬೇಕಾಗುವ ಸಾಮಗ್ರಿಯ ಬಹುಪಾಲು ತಯಾರಾಗುವುದು ಆ ಒಂದು ಮನೆಯಲ್ಲಿ. ಪ್ರೋಟೀನುಗಳನ್ನು ಕಟ್ಟುವ ನಕ್ಷೆಗಳಿರುವ ಕೋಶಕೇಂದ್ರವು ಒಡಲಿನಲ್ಲಿ ಇದೆಯೇ ಹೊರತು ಎಳೆಯ ತುದಿಯಲ್ಲಿ ಇಲ್ಲ.

ಸ್ನಾಯುಗಳನ್ನು ಕುಣಿಸುವ ಚಾಲಕ ನರಗಳೂ ಉದ್ದವಾಗಿಯೇ ಇರುತ್ತವೆ. ಆದರೆ ಅವುಗಳ ಒಡಲು ಬೆನ್ನುಹುರಿಯ ಒಳಗೆ, ರಕ್ತದಿಂದ ಸಿಕ್ಕಸಿಕ್ಕದ್ದು ನುಗ್ಗದಂತೆ ಸೋಸುವ ತಡೆಗೋಡೆಯ ರಕ್ಷಣೆಯಲ್ಲಿ ಇದೆ. ಸಂವೇದನೆಯ ನರಗಂಟಿಗೆ ಆ ಭಾಗ್ಯವಿಲ್ಲ. ಅಲ್ಲಿನ ಸೂಕ್ಷ್ಮ ರಕ್ತನಾಳಗಳ ಗೋಡೆ ಜಾಲರಿಯಂತಿದ್ದು, ರಕ್ತದಲ್ಲಿ ತೇಲಿಬರುವ ಅನೇಕ ವಿಷವಸ್ತುಗಳು ಸಲೀಸಾಗಿ ಒಳಗೆ ಸೋರುತ್ತವೆ. ಕ್ಯಾನ್ಸರಿಗೆ ಕೊಡುವ ಪ್ಲಾಟಿನಮ್ ಔಷಧಗಳು ಕಾಲಿನ ಬಲವನ್ನು ಉಳಿಸಿ ಸ್ಪರ್ಶವನ್ನು ಮಾತ್ರ ಕಸಿದುಕೊಳ್ಳುವುದಕ್ಕೆ ಇದೊಂದು ಕಾರಣ.

ನಾಲೆಯ ಕೊನೆಯ ಹೊಲ

ಎಳೆಯ ಒಳಗೆ ಸರಕು ಸಾಗುವುದು ಹಳಿಗಳಂತೆ ಹಾಸಿರುವ ಅತಿಸೂಕ್ಷ್ಮ ಕೊಳವೆಗಳ ಮೇಲೆ. ಕೈನೆಸಿನ್ ಎಂಬ ಪ್ರೋಟೀನು ಹಮಾಲಿಯಂತೆ ಹೊರೆಯನ್ನು ಹೊತ್ತು, ಎರಡು ‘ಕಾಲು’ಗಳನ್ನು ಒಂದಾದ ಮೇಲೊಂದು ಇಡುತ್ತ, ಹೆಜ್ಜೆಗೆ ಎಂಟು ನ್ಯಾನೊಮೀಟರಿನಂತೆ ತುದಿಯ ಕಡೆಗೆ ನಡೆಯುತ್ತದೆ. ಸಣ್ಣ ಚೀಲಗಳಲ್ಲಿ ತುಂಬಿದ ತುರ್ತು ಸರಕು ದಿನಕ್ಕೆ 200ರಿಂದ 400 ಮಿಲಿಮೀಟರ್ ವೇಗದಲ್ಲಿ ಹೋಗಿ ಮೂರರಿಂದ ಐದು ದಿನಗಳಲ್ಲಿ ಬೆರಳನ್ನು ತಲುಪುತ್ತದೆ. ಆದರೆ ಎಳೆಯ ಹಂದರವಾಗಿ ನಿಲ್ಲುವ ತಂತು ಪ್ರೋಟೀನುಗಳು ಸಾಗುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಸೊಂಟದಿಂದ ಇಂದು ಹೊರಟದ್ದು ಹೆಬ್ಬೆರಳಿಗೆ ಮುಟ್ಟುವ ಹೊತ್ತಿಗೆ ಮೂರು ವರ್ಷಗಳ ಹತ್ತಿರ ಹತ್ತಿರ ಕಳೆದಿರುತ್ತದೆ. ಹೆಬ್ಬೆರಳ ತುದಿಯಲ್ಲಿ ಈಗ ಕೆಲಸ ಮಾಡುತ್ತಿರುವ ಹಂದರ ಅಲ್ಲಿಗೆ ಬಂದು ಸೇರುವಾಗಲೇ ಹಳೆಯದಾಗಿತ್ತು.

ಕರ್ನಾಟಕದ ಯಾವುದೇ ನೀರಾವರಿ ಪ್ರದೇಶದಲ್ಲಿ ‘ಕೊನೆಯ ಭಾಗದ ರೈತರು’ ಎಂಬ ಮಾತಿಗೆ ವಿವರಣೆ ಬೇಕಾಗುವುದಿಲ್ಲ. ಜಲಾಶಯ ತುಂಬಿರುವಾಗ ನಾಲೆಯ ಮೇಲ್ಭಾಗದ ಹೊಲಕ್ಕೂ ಕೊನೆಯ ಹೊಲಕ್ಕೂ ಹೆಚ್ಚಿನ ವ್ಯತ್ಯಾಸ ತೋರುವುದಿಲ್ಲ. ಜಲಾಶಯದ ಮಟ್ಟ ಒಂದಿಷ್ಟು ಇಳಿದರೆ, ನಾಲೆಯಲ್ಲಿ ಹೂಳು ತುಂಬಿದರೆ, ಏರಿಯಲ್ಲಿ ನಾಲ್ಕಾರು ಕಡೆ ನೀರು ಸೋರಿದರೆ, ಮೊದಲು ಒಣಗುವುದು ಕೊನೆಯ ಭಾಗ. ಸೋರಿಕೆ ಎಲ್ಲೇ ಇರಲಿ, ನಷ್ಟ ಕಾಣಿಸುವುದು ತುದಿಯಲ್ಲಿ. ನರದ ಎಳೆಗೂ ಇದೇ ಲೆಕ್ಕ ಅನ್ವಯಿಸುತ್ತದೆ: ಉದ್ದಕ್ಕೂ ಅಲ್ಲಲ್ಲಿ ಆಗುವ ಚಿಕ್ಕಪುಟ್ಟ ಹಾನಿಗಳು ಒಟ್ಟುಗೂಡುತ್ತ ಹೋಗುವುದರಿಂದ ಎಳೆ ಉದ್ದವಾದಷ್ಟೂ ತುದಿಯ ಪಾಡು ಕಷ್ಟವಾಗುತ್ತದೆ.

ಪ್ರಯೋಗಾಲಯದ ಇಲಿ ಈ ವಿಷಯದಲ್ಲಿ ಅಷ್ಟಾಗಿ ನೆರವಿಗೆ ಬಾರದಿರುವುದೂ ಇದೇ ಕಾರಣದಿಂದ. ಸುಂಡಿಲಿಯ ಕಾಲಿನ ನರ ಕೆಲವೇ ಸೆಂಟಿಮೀಟರ್ ಉದ್ದ, ಅದರ ಆಯಸ್ಸು ಎರಡು ಮೂರು ವರ್ಷ. ಮನುಷ್ಯನ ಬೆರಳಿಗೆ ಒಂದು ಸುತ್ತು ಸರಕು ತಲುಪುವಷ್ಟರಲ್ಲಿ ಅದರ ಬಾಳೇ ಮುಗಿದಿರುತ್ತದೆ. ಮೊಳದ ಆಸುಪಾಸಿನ ಕಾಲು, ಸಾಕಿದಲ್ಲಿ ಇಪ್ಪತ್ತೈದು ವರ್ಷಗಳ ಬದುಕು, ಅಪರೂಪಕ್ಕೆ ನಲವತ್ತು ಮುಟ್ಟುವ ಆಯಸ್ಸು ಇರುವ ರೀಸಸ್ ಮಂಗ ಈ ಕೊರತೆಯನ್ನು ಬಹಳಷ್ಟು ತುಂಬುತ್ತದೆ. ಅದರ ಒಂದು ವರ್ಷವನ್ನು ಮನುಷ್ಯನ ಮೂರು ವರ್ಷಕ್ಕೆ ಸಮವೆಂದು ಎಣಿಸುವುದು ರೂಢಿ. ಬೆರಳ ತುದಿಯ ಗೆರೆಗಳ ಅಡಿಯಲ್ಲಿ ಒತ್ತಾಗಿ ಕುಳಿತಿರುವ ಸ್ಪರ್ಶಕಾಯಗಳೂ ಮಂಗಕ್ಕೂ ಮನುಷ್ಯನಿಗೂ ಸಮಾನವಾದ ಆಸ್ತಿ. ಉತ್ತರ ಭಾರತದ ಈ ಪ್ರಾಣಿ ದಕ್ಷಿಣದ ಊರು, ಬೆಟ್ಟ, ದೇವಸ್ಥಾನಗಳಲ್ಲಿ ಕಾಣುವ ಬಾನೆಟ್ ಮಂಗದ ಹತ್ತಿರದ ಸಂಬಂಧಿ. 1978ರಲ್ಲಿ ಭಾರತ ಇದರ ರಫ್ತನ್ನು ನಿಷೇಧಿಸುವವರೆಗೆ ಅಮೆರಿಕದ ಪ್ರಯೋಗಾಲಯಗಳಿಗೆ ಸಾವಿರಗಟ್ಟಲೆ ರೀಸಸ್ ಮಂಗಗಳು ಇಲ್ಲಿಂದಲೇ ಹೋಗುತ್ತಿದ್ದವು.

ಒಲೆಯಿಂದ ಹಾರುವ ಕಿಡಿ

ನಾಲೆಯ ಹೋಲಿಕೆ ಉದ್ದದ ಮಾತನ್ನು ವಿವರಿಸುತ್ತದೆ, ಸೋರಿಕೆಯ ಕಾರಣವನ್ನು ವಿವರಿಸುವುದಿಲ್ಲ. ಅದಕ್ಕಾಗಿ ಕೋಶದ ಅಡುಗೆಮನೆಗೆ ಹೋಗಬೇಕು. ಹೆಚ್ಚುಕಡಿಮೆ ಪ್ರತಿಯೊಂದು ಕೋಶದಲ್ಲಿಯೂ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಒಲೆಗಳಿವೆ. ಆಹಾರದಿಂದ ಬಂದ ಎಲೆಕ್ಟ್ರಾನುಗಳನ್ನು ಅವು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಕೊನೆಗೆ ಆಮ್ಲಜನಕದ ಕೈಗೆ ಒಪ್ಪಿಸಿ, ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿಯನ್ನು ಕೋಶಕ್ಕೆ ಒದಗಿಸುತ್ತವೆ. ಮೆಟ್ಟಿಲು ಇಳಿಯುವಾಗ ಕೆಲವು ಎಲೆಕ್ಟ್ರಾನುಗಳು ನಡುವೆಯೇ ಜಾರಿ ಆಮ್ಲಜನಕಕ್ಕೆ ಅಂಟಿಕೊಳ್ಳುತ್ತವೆ. ಹೀಗೆ ಜೊತೆಯಿಲ್ಲದ ಎಲೆಕ್ಟ್ರಾನ್ ಹೊತ್ತ ಅಣು ಪಕ್ಕದ ಅಣುವಿನಿಂದ ಜೊತೆಯನ್ನು ಕಿತ್ತುಕೊಳ್ಳಲು ಹವಣಿಸುತ್ತದೆ. ಇಂಗ್ಲಿಷಿನಲ್ಲಿ ಫ್ರೀ ರ‍್ಯಾಡಿಕಲ್ ಎನಿಸಿಕೊಳ್ಳುವ ಇದನ್ನು ಕನ್ನಡದಲ್ಲಿ ಕಿಡಿಯಣು ಎನ್ನಬಹುದು. ಒಲೆ ಉರಿಯುವ ಮನೆಯಲ್ಲಿ ಕಿಡಿ ಹಾರುವುದು ಸಹಜ. ಅದನ್ನು ಆರಿಸುವ ಏರ್ಪಾಡೂ ಇರುತ್ತದೆ. ಕಿಡಿಗಳ ಸಂಖ್ಯೆ ಆರಿಸುವವರ ಶಕ್ತಿಯನ್ನು ಮೀರಿದ ಸ್ಥಿತಿಗೆ ಉತ್ಕರ್ಷಣ ಒತ್ತಡ ಎಂದು ಹೆಸರು.

ಮುಪ್ಪಿಗೂ ಕಿಡಿಯಣುಗಳಿಗೂ ನಂಟು ಹಾಕಿದವರು ಡೆನಮ್ ಹಾರ್ಮನ್. ತೈಲ ಕಂಪನಿಯೊಂದರಲ್ಲಿ ರಸಾಯನಜ್ಞರಾಗಿ ದುಡಿದು ಆಮೇಲೆ ವೈದ್ಯಕೀಯ ಓದಿದ ಅವರು, ಪೆಟ್ರೋಲಿಯಂ ಪದಾರ್ಥಗಳು ಗಾಳಿಗೆ ಕೆಡುವ ಬಗೆಯನ್ನು ಬಲ್ಲವರಾಗಿದ್ದು, ಜೀವಕೋಶಗಳೂ ಹಾಗೆಯೇ ಕೆಡುತ್ತಿರಬಹುದು ಎಂದು 1956ರಲ್ಲಿ ವಾದಿಸಿದರು. ಅಷ್ಟು ಅಪಾಯಕಾರಿಯಾದ ವಸ್ತು ಶರೀರದಲ್ಲಿ ನಿತ್ಯವೂ ಹುಟ್ಟುತ್ತಿದೆ ಎಂಬುದನ್ನು ಆಗ ನಂಬಿದವರು ಕಡಿಮೆ. 1969ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಜೋ ಮೆಕಾರ್ಡ್ ಮತ್ತು ಅರ್ವಿನ್ ಫ್ರಿಡೊವಿಚ್ ಕಿಡಿಯಣುವನ್ನು ಆರಿಸುವುದೇ ಕಸುಬಾಗಿರುವ ಕಿಣ್ವವೊಂದನ್ನು ಗುರುತಿಸಿದ ಮೇಲೆ ಚಿತ್ರ ಬದಲಾಯಿತು. ಬೆಂಕಿಯೇ ಬೀಳದ ಊರಿನಲ್ಲಿ ಅಗ್ನಿಶಾಮಕ ದಳ ಇರುವುದಿಲ್ಲವಷ್ಟೆ.

ಕಮಟು ಹಿಡಿಯುವ ಪೊರೆ

ಕಿಡಿಯಣು ಎಲ್ಲಿ ಹೆಚ್ಚು ಹಾನಿ ಮಾಡುತ್ತದೆ ಎಂಬುದು ಡಬ್ಬದಲ್ಲಿ ಉಳಿದ ಚಕ್ಕುಲಿಯಿಂದ ತಿಳಿಯುತ್ತದೆ. ಹಬ್ಬ ಕಳೆದು ತಿಂಗಳಾದ ಮೇಲೆ ಮುಚ್ಚಳ ತೆಗೆದರೆ ಮೂಗಿಗೆ ಬಡಿಯುವ ಕಮಟು ವಾಸನೆ, ಎಣ್ಣೆಯ ಅಣುಗಳಿಂದ ಆಮ್ಲಜನಕ ಎಲೆಕ್ಟ್ರಾನುಗಳನ್ನು ಕಿತ್ತುಕೊಂಡದ್ದರ ಫಲ. ಒಂದು ಕೊಬ್ಬಿನ ಅಣು ಎಲೆಕ್ಟ್ರಾನ್ ಕಳೆದುಕೊಂಡರೆ ಅದೇ ಕಿಡಿಯಾಗಿ ಪಕ್ಕದ ಅಣುವನ್ನು ಹಿಡಿಯುತ್ತದೆ, ಅದು ಮತ್ತೊಂದನ್ನು. ಹುಲ್ಲಿನ ಬಣವೆಯಲ್ಲಿ ಬೆಂಕಿ ಹರಡುವ ಹಾಗೆ ಇದು ಸರಪಳಿಯಾಗಿ ಸಾಗುತ್ತದೆ. ನರದ ಎಳೆಯ ಹೊರಪೊರೆ ಕೊಬ್ಬಿನದು. ದಪ್ಪ ಎಳೆಗಳಿಗಾದರೆ ಅದರ ಮೇಲೆ ಮಯಲಿನ್ ಎಂಬ ಕೊಬ್ಬಿನ ಸುರುಳಿ ಬೇರೆ. ತೆಳ್ಳಗೆ, ಉದ್ದಕ್ಕೆ ಇರುವ ವಸ್ತುವಿಗೆ ಒಳಗಿನ ತಿರುಳಿಗಿಂತ ಹೊರಮೈ ಬಹಳ. ಆದ್ದರಿಂದ ಅತಿ ಉದ್ದದ ನರಕೋಶಕ್ಕೆ ಕಮಟು ಹಿಡಿಯಬಲ್ಲ ಮೈ ಉಳಿದ ಕೋಶಗಳಿಗಿಂತ ಎಷ್ಟೋ ಪಾಲು ಹೆಚ್ಚು.

ಈ ಸರಪಳಿಯನ್ನು ನಡುವೆ ತುಂಡರಿಸುವುದು ಪೊರೆಯೊಳಗೆ ಕುಳಿತಿರುವ ವಿಟಮಿನ್ ಇ. ತನ್ನ ಎಲೆಕ್ಟ್ರಾನನ್ನು ಕೊಟ್ಟು ಕಿಡಿಯನ್ನು ಆರಿಸಿಯೂ ತಾನು ಉರಿದೇಳದಿರುವ ಗುಣ ಅದಕ್ಕಿದೆ. 1922ರಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರೀನ್ ಬಿಷಪ್ ಇದನ್ನು ಪತ್ತೆಮಾಡಿದ್ದು ಹೆಗ್ಗಣಗಳ ಗರ್ಭ ನಿಲ್ಲಲು ಬೇಕಾದ ಆಹಾರದ ಅಂಶವಾಗಿ. ನರಕ್ಕೂ ಅದಕ್ಕೂ ಇರುವ ನಂಟು ಹೊರಬೀಳಲು ಅರ್ಧ ಶತಮಾನವೇ ಹಿಡಿಯಿತು.

ಆ ನಂಟನ್ನು ಕಣ್ಣಿಗೆ ಕಾಣುವಂತೆ ತೋರಿಸಿದ್ದು 1981ರಲ್ಲಿ ಪ್ರಕಟವಾದ ಒಂದು ಅಧ್ಯಯನ. ವಯಸ್ಕ ರೀಸಸ್ ಮಂಗಗಳಿಗೆ ಎರಡೂವರೆ ವರ್ಷಕ್ಕೂ ಮಿಕ್ಕು ವಿಟಮಿನ್ ಇ ಇಲ್ಲದ ಆಹಾರವನ್ನು ಕೊಟ್ಟು, ಬಳಿಕ ಅವುಗಳ ನರಮಂಡಲವನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ಪರೀಕ್ಷಿಸಲಾಯಿತು. ಪೊರೆಗಳಿಗೆ ರಕ್ಷಣೆ ತಪ್ಪಿದ್ದು ಇಡೀ ಶರೀರಕ್ಕೆ. ಆದರೆ ನರಮಂಡಲದಲ್ಲಿ ನಾಶವಾಗಿದ್ದವುಗಳಲ್ಲಿ ಎದ್ದು ಕಂಡದ್ದು ಸಂವೇದನೆಯ ದಪ್ಪ ಎಳೆಗಳು. ಬೆನ್ನುಹುರಿಯ ಹಿಂಭಾಗದಲ್ಲಿ ಮೆದುಳಿನತ್ತ ಏರುವ ಕವಲಿನಲ್ಲಿಯೂ ಕೈಕಾಲುಗಳತ್ತ ಇಳಿಯುವ ಕವಲಿನಲ್ಲಿಯೂ ಎಳೆಗಳು ಕಳೆದುಹೋಗಿದ್ದವು, ಒಡಲಿನಿಂದ ದೂರವಿದ್ದ ಭಾಗಗಳು ಹೆಚ್ಚು ಕೆಟ್ಟಿದ್ದವು. ಒಂದೇ ಕೋಶದ ಎರಡು ಕವಲುಗಳು, ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಒಣಗಿದ್ದು ಎರಡರ ತುದಿಯೂ. ತಂಪು, ಒತ್ತಡ, ರಕ್ತದ ಓಟ ಮುಂತಾಗಿ ಪಾದದ ಸ್ಥಳವಿಶೇಷವೇ ಜೋಮಿಗೆ ಕಾರಣವಾಗಿದ್ದರೆ, ತಲೆಬುರುಡೆಯ ಬುಡದಲ್ಲಿ ಬೆಚ್ಚಗೆ ಕುಳಿತಿರುವ ಮೇಲಿನ ತುದಿ ಕೆಡಬೇಕಾಗಿರಲಿಲ್ಲ. ಕೆಡುವುದನ್ನು ನಿರ್ಧರಿಸುವುದು ಊರಲ್ಲ, ಊರಿಗಿರುವ ದೂರ ಎಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಸಾಕ್ಷ್ಯ ಸಿಗುವುದು ಕಷ್ಟ.

ಮನುಷ್ಯರಲ್ಲಿಯೂ ಪ್ರಕೃತಿಯೇ ಇಂಥ ಪ್ರಯೋಗವನ್ನು ನಡೆಸಿದೆ. ಯಕೃತ್ತಿನಲ್ಲಿ ವಿಟಮಿನ್ ಇಯನ್ನು ಆಯ್ದು ರಕ್ತಕ್ಕೆ ತುಂಬಿಸುವ ಪ್ರೋಟೀನೊಂದಿದೆ. ಅದರ ಜೀನಿನಲ್ಲಿ ದೋಷವಿರುವ ಕುಟುಂಬಗಳನ್ನು 1995ರಲ್ಲಿ ಗುರುತಿಸಲಾಯಿತು, ಅವುಗಳಲ್ಲಿ ಟ್ಯುನೀಷಿಯದ ಕುಟುಂಬಗಳೂ ಸೇರಿದ್ದವು. ಊಟದಲ್ಲಿ ವಿಟಮಿನ್ ಇದ್ದರೂ ನರಕ್ಕೆ ತಲುಪದ ಈ ಮಕ್ಕಳು ಸಾಮಾನ್ಯವಾಗಿ ಹದಿಹರೆಯದ ಹೊತ್ತಿಗೆ ಕಾಲಿನ ಕಂಪನಜ್ಞಾನವನ್ನೂ ನಡಿಗೆಯ ಹದವನ್ನೂ ಕಳೆದುಕೊಳ್ಳುತ್ತಾರೆ, ಎಂಬತ್ತರಲ್ಲಿ ಬರಬೇಕಾದ ಪಾದ ಹದಿನಾರರಲ್ಲಿಯೇ ಬಂದ ಹಾಗೆ. ಹೆಚ್ಚಿನ ಪ್ರಮಾಣದ ವಿಟಮಿನ್ ಇ ಕೊಟ್ಟರೆ ರೋಗದ ಮುನ್ನಡೆ ನಿಲ್ಲುತ್ತದೆ.

ಬುಡದಲ್ಲಿ ಗಟ್ಟಿ, ತುದಿಯಲ್ಲಿ ಜಳ್ಳು

ವಿಟಮಿನ್ ಕೊರತೆ ಇಲ್ಲದ, ಸಾಧಾರಣವಾಗಿ ಉಂಡು ತಿಂದು ಮುದುಕರಾದವರ ಪಾದ ಏಕೆ ಮಂಕಾಗುತ್ತದೆ ಎಂಬ ಮೂಲ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಇಲ್ಲಿ ಒಲೆಗಳ ಮಾತು ಮತ್ತೆ ಬರುತ್ತದೆ. ಮೈಟೊಕಾಂಡ್ರಿಯಗಳು ಒಂದು ಕಡೆ ಕುಳಿತಿರುವ ಒಲೆಗಳಲ್ಲ. ಬಹುಪಾಲು ಸೊಂಟದ ನರಗಂಟಿನಲ್ಲಿ ಸಿದ್ಧವಾಗಿ, ಹಮಾಲಿಗಳ ಹೆಗಲೇರಿ ತುದಿಯತ್ತ ಪಯಣಿಸುತ್ತವೆ. ಎಲ್ಲಿಯೂ ನಿಲ್ಲದೆ ಸಾಗಿದರೂ ಅವುಗಳಿಗೆ ಹನ್ನೆರಡು ದಿನ ಬೇಕು. ನಿಜದಲ್ಲಿ ಅವು ಗ್ರಾಮಾಂತರ ಬಸ್ಸಿನಂತೆ ಅಲ್ಲಲ್ಲಿ ನಿಂತು, ಕೆಲವೊಮ್ಮೆ ಹಿಂದಕ್ಕೂ ತಿರುಗಿ, ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ತೆಗೆದುಕೊಳ್ಳುತ್ತವೆ. ದಾರಿಯುದ್ದಕ್ಕೂ ಒಲೆ ಉರಿಯುತ್ತಲೇ ಇರುತ್ತದೆ, ಕಿಡಿ ಹಾರುತ್ತಲೇ ಇರುತ್ತದೆ, ಮತ್ತು ಆ ಕಿಡಿಗೆ ಅತಿ ಸಮೀಪದಲ್ಲಿ ಸಿಗುವುದು ಒಲೆಯೇ.

ಒಲೆಯೊಳಗೆ ಅದರದೇ ಆದ ಪುಟ್ಟ ಡಿಎನ್ಎ ಇದೆ: 16,569 ಅಕ್ಷರಗಳು, 37 ಜೀನುಗಳು. ಒಲೆಯ ಕೆಲವು ಮುಖ್ಯ ಬಿಡಿಭಾಗಗಳ ನಕ್ಷೆ ಇರುವುದು ಇದರಲ್ಲಿ. ಕೋಶಕೇಂದ್ರದ ಡಿಎನ್ಎಗಿರುವಷ್ಟು ಭದ್ರವಾದ ಹೊದಿಕೆಯಾಗಲಿ ರಿಪೇರಿಯ ಸೌಕರ್ಯವಾಗಲಿ ಇಲ್ಲದ ಈ ನಕ್ಷೆಯಲ್ಲಿ ಏಟುಗಳು ಉಳಿದುಬಿಡುತ್ತವೆ. ಮುಪ್ಪಾದ ಅಂಗಾಂಶಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಏಟಿಗೆ ‘ಸಾಮಾನ್ಯ ಅಳಿತ’ ಎಂದೇ ಹೆಸರು ಬಿದ್ದಿದೆ. ಅದರಲ್ಲಿ 4,977 ಅಕ್ಷರಗಳು, ಅಂದರೆ ಇಡೀ ನಕ್ಷೆಯ ಶೇಕಡ ಮೂವತ್ತರಷ್ಟು, ಒಮ್ಮೆಗೇ ಮಾಯವಾಗಿರುತ್ತವೆ. ನಕ್ಷೆ ಕೆಟ್ಟ ಒಲೆ ಶಕ್ತಿಯನ್ನು ಕಡಿಮೆ ಕೊಟ್ಟು ಕಿಡಿಯನ್ನು ಹೆಚ್ಚು ಉಗುಳಬಹುದು, ಆ ಕಿಡಿ ಮತ್ತಷ್ಟು ನಕ್ಷೆಗಳನ್ನು ಕೆಡಿಸಬಹುದು.

ಹಾಗಾದರೆ ಒಂದೇ ನರದ ಬುಡದಲ್ಲಿರುವ ಒಲೆಗಳಿಗಿಂತ ತುದಿಯಲ್ಲಿರುವವು ಹೆಚ್ಚು ಕೆಟ್ಟಿರಬೇಕು. 2011ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡವೊಂದು ನೇರವಾಗಿ ಇದನ್ನೇ ಅಳೆಯಿತು. ಎಚ್ಐವಿ ಸೋಂಕಿನ ಜೊತೆಗೆ ಪಾದದ ಜೋಮನ್ನೂ ಅನುಭವಿಸಿ ತೀರಿಕೊಂಡವರ ನರಗಳನ್ನು ಪರೀಕ್ಷಿಸಿದಾಗ, ‘ಸಾಮಾನ್ಯ ಅಳಿತ’ವು ಬೆನ್ನಿನ ನರಗಂಟಿಗಿಂತ ಕಾಲಿನ ಕೆಳತುದಿಯ ನರದಲ್ಲಿ ಹೆಚ್ಚಾಗಿ ಕಂಡುಬಂತು. ಸತ್ತವರ ನರದಲ್ಲಿ ಒಲೆ ಉರಿಸಿ ನೋಡಲಾಗುವುದಿಲ್ಲವಾದ್ದರಿಂದ, ಅದೇ ಬಗೆಯ ವೈರಸ್ ತಗುಲಿದ ಮಂಗಗಳ ನರದ ಬುಡದಿಂದಲೂ ತುದಿಯಿಂದಲೂ ತಾಜಾ ಮೈಟೊಕಾಂಡ್ರಿಯಗಳನ್ನು ಬೇರ್ಪಡಿಸಿ ಅವುಗಳ ಕೆಲಸವನ್ನು ಹೋಲಿಸಲಾಯಿತು. ತುದಿಯವು ಸೋತವು. ಭತ್ತದ ತೆನೆಯ ಬುಡದಲ್ಲಿ ಕಾಳು ಗಟ್ಟಿಯಾಗಿದ್ದು ತುದಿಯಲ್ಲಿ ಜಳ್ಳಾದಂತೆ, ಒಂದೇ ಪ್ರಾಣಿಯ ಒಂದೇ ನರದಲ್ಲಿ ಎರಡು ಸ್ಥಿತಿಗಳು. ವೈರಸ್ ಇಲ್ಲಿ ಮುಪ್ಪಿನ ಕೆಲಸವನ್ನು ಅವಸರದಲ್ಲಿ ಮಾಡಿತ್ತು ಎಂಬ ಅರ್ಥವಿವರಣೆಗೆ ಈ ಫಲಿತಾಂಶ ಆಧಾರವಾಗುತ್ತದೆ. ವೈರಸ್ಸಿಗೆ ತನ್ನದೇ ಆದ ಬೇರೆ ದುಷ್ಟತನಗಳೂ ಇರುವುದರಿಂದ ಎರಡನ್ನೂ ಒಂದೇ ಎನ್ನುವುದು ಮಾತ್ರ ಅತಿಯಾದೀತು.

ಕಂಪನವೇ ಮೊದಲು ಮಾಯವಾಗುವುದು

ನರತಜ್ಞರ ಕೋಣೆಯಲ್ಲಿ ಈ ಹಾನಿಯನ್ನು ಅಳೆಯುವ ಅತಿ ಅಗ್ಗದ ಸಲಕರಣೆ ಶ್ರುತಿಕವೆ, ಶಾಲೆಯ ವಿಜ್ಞಾನದ ಬೀರುವಿನಲ್ಲಿ ಇರುವಂಥದೇ. ಸೆಕೆಂಡಿಗೆ 128 ಬಾರಿ ಕಂಪಿಸುವ ಕವೆಯನ್ನು ತಟ್ಟಿ ಅದರ ಬುಡವನ್ನು ರೋಗಿಯ ಹೆಬ್ಬೆರಳ ಮೂಳೆಯ ಮೇಲೆ ಒತ್ತಿ ಹಿಡಿಯುತ್ತಾರೆ. ಕಣ್ಣು ಮುಚ್ಚಿಕೊಂಡ ರೋಗಿ ‘ನಿಂತಿತು’ ಎಂದ ಕೂಡಲೆ ವೈದ್ಯರು ಅದನ್ನು ತಮ್ಮ ಬೆರಳ ಗೆಣ್ಣಿಗೆ ತಾಗಿಸಿಕೊಳ್ಳುತ್ತಾರೆ. ಕವೆ ಅಲ್ಲಿ ಇನ್ನೂ ಗುಂಯ್‌ಗುಡುತ್ತಿರುತ್ತದೆ. ವಯಸ್ಸಾದವರಲ್ಲಿ ಚುಚ್ಚು, ಬಿಸಿ, ತಣ್ಣನೆಯ ಅರಿವು ಸಾಕಷ್ಟು ಉಳಿದಿದ್ದರೂ ಕಂಪನದ ಅರಿವು ಎಷ್ಟೋ ಮೊದಲೇ ಕುಗ್ಗಿರುತ್ತದೆ.

ಕಂಪನದ ಸುದ್ದಿ ಹೊರುವ ದಪ್ಪ ಎಳೆಗಳ ಮಯಲಿನ್ ಕವಚ ಒಂದೇ ಉದ್ದನೆಯ ಕೊಳವೆಯಲ್ಲ. ಮಿಲಿಮೀಟರಿಗೂ ಆಚೀಚೆ ಉದ್ದದ ತುಂಡುಗಳಾಗಿದ್ದು ನಡುನಡುವೆ ಬರಿಮೈಯ ಗೆಣ್ಣುಗಳಿರುತ್ತವೆ, ಕಬ್ಬಿನ ಜಲ್ಲೆಯ ಹಾಗೆ. ಸುದ್ದಿಯು ಗೆಣ್ಣಿನಿಂದ ಗೆಣ್ಣಿಗೆ ಜಿಗಿಯುವುದರಿಂದ ಸೆಕೆಂಡಿಗೆ ಐವತ್ತು ಮೀಟರಿನಂಥ ವೇಗ ಸಾಧ್ಯವಾಗುತ್ತದೆ. ವಯಸ್ಸಿನೊಂದಿಗೆ ಕವಚ ಅಲ್ಲಲ್ಲಿ ಕಿತ್ತುಹೋಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಹೊಸದಾಗಿ ಕಟ್ಟಿದ ತುಂಡುಗಳು ಗಿಡ್ಡವಾಗಿರುತ್ತವೆ. ಮೀನಖಂಡದ ಹಿಂದೆ ಇಳಿಯುವ ಸ್ಯೂರಲ್ ನರದಲ್ಲಿ ಇದನ್ನು ಲ್ಯಾಸೆಲ್ಸ್ ಮತ್ತು ಥಾಮಸ್ 1966ರಲ್ಲಿಯೇ ಎಳೆ ಎಳೆಯಾಗಿ ಬಿಡಿಸಿ ಅಳೆದು ತೋರಿಸಿದ್ದರು. ಬಾಸ್ಟನ್ನಿನಲ್ಲಿ ಆಲನ್ ಪೀಟರ್ಸ್ ಮತ್ತು ಸಂಗಡಿಗರು ಮುದಿ ರೀಸಸ್ ಮಂಗಗಳ ಮೆದುಳು ಮತ್ತು ಕಣ್ಣಿನ ನರಗಳಲ್ಲಿ ಕಂಡದ್ದೂ ಕೆಡುತ್ತಿರುವ ಮಯಲಿನ್ ಸುರುಳಿಗಳನ್ನು, ಕಳೆದುಹೋದ ಎಳೆಗಳನ್ನು. ಗೆಣ್ಣು ಹೆಚ್ಚಾದರೆ ನಿಲ್ದಾಣ ಹೆಚ್ಚು, ವೇಗ ಕಡಿಮೆ.

ಬರೀ ವೇಗ ಕುಗ್ಗಿದ್ದರೆ ಅಂಥ ನಷ್ಟವಿರಲಿಲ್ಲ; ಎಳೆ ಎಳೆಗೂ ಬೇರೆ ಬೇರೆ ಮಟ್ಟದಲ್ಲಿ ಕುಗ್ಗುವುದು ತೊಂದರೆ. ಒಂದು ಮೀಟರ್ ದಾರಿಯನ್ನು ಐವತ್ತು ಮೀಟರ್ ವೇಗದ ಎಳೆ ಸೆಕೆಂಡಿನ ಸಾವಿರ ಪಾಲುಗಳಲ್ಲಿ ಇಪ್ಪತ್ತು ಪಾಲಿನಷ್ಟು ಹೊತ್ತಿನಲ್ಲಿ ಕ್ರಮಿಸಿದರೆ ನಲವತ್ತರ ಎಳೆ ಇಪ್ಪತ್ತೈದು ಪಾಲು ತೆಗೆದುಕೊಳ್ಳುತ್ತದೆ. ಕವೆಯ ಒಂದು ಕಂಪನಕ್ಕೂ ಮುಂದಿನದಕ್ಕೂ ನಡುವೆ ಇರುವುದು ಎಂಟು ಪಾಲು ಕೂಡ ಅಲ್ಲ. ಭಜನೆಯಲ್ಲಿ ಎಲ್ಲರೂ ತಾಳ ಹಾಕುತ್ತಿದ್ದರೂ ಒಬ್ಬೊಬ್ಬರು ಒಂದೊಂದು ಗಳಿಗೆ ಹಿಂದೆ ಬಿದ್ದರೆ ತಾಳ ಹೋಗಿ ಬರೀ ಸದ್ದು ಉಳಿಯುತ್ತದೆ. ಮೆದುಳಿಗೆ ಬರುವ ಕಂಪನದ ಸುದ್ದಿಯೂ ಹಾಗೆ ಕಲಸಿಹೋಗುತ್ತದೆ.

ಕಾಲಿನ ಕೀಲುಗಳು ಎಷ್ಟು ಬಾಗಿವೆ, ದೇಹದ ಭಾರ ಯಾವ ಕಡೆಗೆ ವಾಲಿದೆ ಎಂಬ ಸುದ್ದಿ ಬರುವುದೂ ಇಂಥ ದಪ್ಪ ಎಳೆಗಳಲ್ಲಿಯೇ. ಹಗಲಿನಲ್ಲಿ ಕಣ್ಣು ಆ ಕೊರತೆಯನ್ನು ತುಂಬಿಕೊಡುತ್ತದೆ. ಬೆಳಗ್ಗೆ ಬಚ್ಚಲಿನಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಕ್ಷಣದಲ್ಲಿ ಮೈ ತೂರಾಡಿ, ಕೈ ತಾನಾಗಿ ಗೋಡೆಯನ್ನು ಹುಡುಕುವುದು ಅನೇಕ ಹಿರಿಯರ ನಿತ್ಯದ ಅನುಭವ. ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಲಿನ್ನಿನ ವೈದ್ಯ ಮೊರಿಟ್ಸ್ ರೋಂಬರ್ಗ್ ಇದನ್ನೇ ಒಂದು ಪರೀಕ್ಷೆಯಾಗಿ ರೂಪಿಸಿದ.

ಮಾತ್ರೆಗಳ ಮಾತು

ಕಿಡಿಯೇ ಹಾನಿಗೆ ಮೂಲವಾದರೆ ಕಿಡಿಯನ್ನು ಆರಿಸುವ ಮಾತ್ರೆ ನುಂಗಿದರೆ ಆಯಿತಲ್ಲ ಎಂಬುದು ಸಹಜವಾದ ತರ್ಕ, ಔಷಧದಂಗಡಿಗಳ ಒಂದು ಇಡೀ ಕಪಾಟು ನಿಂತಿರುವುದು ಈ ತರ್ಕದ ಮೇಲೆ. ವಿಟಮಿನ್ ಇ ಕೊರತೆ ಇರುವವರಿಗೆ ಅದು ನಿಜ. ಕೊರತೆ ಇಲ್ಲದವರಿಗೆ ಹೆಚ್ಚುವರಿ ಕೊಟ್ಟು ನಡೆಸಿದ ಪ್ರಯೋಗಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯಲ್ಲಿ ಆಯಸ್ಸು ಹೆಚ್ಚಿದ್ದು ಕಾಣಲಿಲ್ಲ. ಬೀಟಾ ಕ್ಯಾರೊಟಿನ್, ವಿಟಮಿನ್ ಎ, ವಿಟಮಿನ್ ಇಗಳಿಂದ ಸಾವಿನ ಪ್ರಮಾಣ ತುಸು ಏರಿದ ಸೂಚನೆಯೇ ಕಂಡಿತು. ಅಲ್ಪ ಪ್ರಮಾಣದ ಕಿಡಿಯಣುಗಳು ಕೋಶಕ್ಕೆ ಎಚ್ಚರಿಕೆಯ ಗಂಟೆಯಾಗಿಯೂ ಕೆಲಸ ಮಾಡುತ್ತವೆ, ವ್ಯಾಯಾಮದ ಲಾಭದಲ್ಲಿ ಒಂದು ಪಾಲು ಅವುಗಳಿಂದಲೇ ಬರುತ್ತದೆ. ಬಿಲದೊಳಗೆ ಬದುಕುವ ಆಫ್ರಿಕದ ಬೋಳು ಇಲಿಯ ಕೋಶಗಳಲ್ಲಿ ಉತ್ಕರ್ಷಣದ ಹಾನಿ ಎಳೆಯ ವಯಸ್ಸಿನಲ್ಲಿಯೇ ಯಥೇಚ್ಛವಾಗಿದ್ದರೂ ಅದು ಮೂವತ್ತು ವರ್ಷ ಬದುಕುತ್ತದೆ. ಹಾರ್ಮನ್ನರ ಸಿದ್ಧಾಂತ ಮುಪ್ಪಿನ ಪೂರ್ಣ ಕಥೆಯಲ್ಲ, ಒಂದು ಅಧ್ಯಾಯ. ಉದ್ದನೆಯ ನರದ ತುದಿಯಲ್ಲಿ ಆ ಅಧ್ಯಾಯಕ್ಕೆ ಹೆಚ್ಚು ತೂಕ, ಅಷ್ಟೆ.

ನರಕ್ಕೆ ಒಳ್ಳೆಯದೆಂದು ಕೊಳ್ಳುವ ಮಾತ್ರೆಗಳಲ್ಲಿ ಅನೇಕ ಬಾರಿ ಬಿ6 ಸೇರಿರುತ್ತದೆ; ಅದನ್ನು ಅತಿಯಾದ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಸೋಸುಗೋಡೆಯಿಲ್ಲದ ನರಗಂಟಿಗೆ ನುಗ್ಗಿ ಪಾದದ ಜೋಮನ್ನು ತಾನೇ ಉಂಟುಮಾಡುತ್ತದೆ ಎಂಬುದು 1983ರಿಂದ ದಾಖಲಾಗಿರುವ ಸಂಗತಿ. ಇನ್ನೊಂದು ದಿಕ್ಕಿನಲ್ಲಿ, ಶುದ್ಧ ಸಸ್ಯಾಹಾರಿಗಳಲ್ಲಿ ಸುಲಭವಾಗಿ ಕಡಿಮೆಯಾಗುವ ಬಿ12, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಮದ್ಯ, ಇವೆಲ್ಲವೂ ಇದೇ ಎಳೆಗಳನ್ನು ಹಿಡಿಯುವುದರಿಂದ, ಬಲವಾದ ಜೋಮನ್ನು ವಯಸ್ಸಿನ ಖಾತೆಗೆ ಬರೆದು ಸುಮ್ಮನಿರುವುದು ತಪ್ಪು. ಕೊರತೆಯನ್ನು ಬೇಗ ಗುರುತಿಸಿದರೆ ಬಿ12ರ ಜೋಮು ಬಹುಮಟ್ಟಿಗೆ ಹಿಮ್ಮೆಟ್ಟುತ್ತದೆ.

ಟೇಪು ಹಿಡಿದು ಅಳೆದರೆ

ಜೋಮಿನ ನಕಾಶೆಯೇ ಅದರ ಕಾರಣವನ್ನು ಹೇಳುತ್ತದೆ. ಕುಷ್ಠರೋಗದ ಸೂಕ್ಷ್ಮಜೀವಿಗೆ ತಂಪು ಇಷ್ಟವಾದ್ದರಿಂದ ಆ ರೋಗದಲ್ಲಿ ಸ್ಪರ್ಶ ಹೋಗುವುದು ಕಿವಿಯ ಹಾಲೆ, ಮೂಗು, ಮೊಣಕೈಯ ಹೊರಬದಿಯಂಥ ತಣ್ಣನೆಯ ಜಾಗಗಳಲ್ಲಿ, ತೇಪೆ ತೇಪೆಯಾಗಿ. ಅಲ್ಲಿ ದೂರದ ಲೆಕ್ಕ ನಡೆಯುವುದಿಲ್ಲ. ದೂರವೇ ಲೆಕ್ಕವಾದಾಗ ನಕಾಶೆ ಬೇರೆಯಾಗಿರಬೇಕು. ಕುತ್ತಿಗೆಯ ಹಿಂದಿನ ನರಗಂಟಿನಿಂದ ಕೈಬೆರಳ ತುದಿಯವರೆಗೆ ಟೇಪು ಹಿಡಿದು, ಅದೇ ಅಳತೆಯನ್ನು ಸೊಂಟದ ನರಗಂಟಿನಿಂದ ಕೆಳಕ್ಕೆ ಇಳಿಸಿದರೆ ಟೇಪಿನ ತುದಿ ಬಂದು ನಿಲ್ಲುವುದು ಮೊಣಕಾಲಿನ ತುಸು ಕೆಳಗೆ. ಕಾಲಿನ ಜೋಮು ಅಲ್ಲಿಗೆ ಏರಿದಾಗಲೇ ಕೈಬೆರಳು ಮಂಕಾಗಲು ತೊಡಗುವುದು ಆದ್ದರಿಂದಲೇ; ಆ ಎರಡು ಜಾಗಗಳ ನಾಲೆಗಳು ಒಂದೇ ಉದ್ದದವು.

ಸಕ್ಕರೆ ಕಾಯಿಲೆ ಬಹಳ ಬಲಿತವರಲ್ಲಿ ಈ ಲೆಕ್ಕ ಇನ್ನೂ ವಿಚಿತ್ರವಾದ ಒಂದು ಜಾಗದಲ್ಲಿ ಸರಿಹೊಂದುತ್ತದೆ. ಕೈಕಾಲುಗಳು ಮರಗಟ್ಟಿದ ಬಳಿಕ ಅವರ ಎದೆ ಹೊಟ್ಟೆಗಳ ನಟ್ಟನಡುವೆ, ಹೊಕ್ಕುಳಿನ ಮೇಲೂ ಕೆಳಗೂ ಉದ್ದಕ್ಕೆ ಒಂದು ಪಟ್ಟಿಯಷ್ಟು ಚರ್ಮ ಸ್ಪರ್ಶವನ್ನು ಕಳೆದುಕೊಳ್ಳುತ್ತದೆ. ಪಕ್ಕೆಗಳಲ್ಲಿ, ಬೆನ್ನಿನಲ್ಲಿ ಅರಿವು ಇದ್ದೇ ಇರುತ್ತದೆ. ಹೃದಯಕ್ಕೆ ಹತ್ತಿರ, ಬೆಚ್ಚನೆಯ, ರಕ್ತ ಧಾರಾಳವಾಗಿ ಓಡುವ ಆ ಜಾಗದಲ್ಲಿ ಜೋಮು ಏಕೆ ಎಂದು ತಬ್ಬಿಬ್ಬಾಗುವವರು ನೆನೆಯಬೇಕಾದದ್ದು ಇಷ್ಟು: ಬೆನ್ನೆಲುಬಿನಿಂದ ಹೊರಟು, ಪಕ್ಕೆಲುಬುಗಳ ಸಂದಿಯಲ್ಲಿ ಎಡಬಲಗಳಿಂದ ಮೈಯನ್ನು ಬಳಸಿ ಬರುವ ನರಗಳ ಕೊನೆಯ ಹೊಲಗಳು ಸಂಧಿಸುವುದು ಹೊಕ್ಕುಳಿನ ಆ ಗೆರೆಯ ಮೇಲೆ.